ಖಾನಾಪುರ ಕಡಿ ಕ್ರಿಸ್‌ಮಸ್ ಪದ್ಧತಿ ವಿಜಯಪುರದಾಗ ಮಾಡೂದು ಹೆಂಗ? ನಕ್ಷತ್ರ, ಗೋದಲಿ, ಕುಲ್ಕುಲ್

ಖಾನಾಪುರದಾಕಿ
ನಮಸ್ಕಾರ್ರಿ ಎಲ್ಲಾರಿಗೂ. ಖಾನಾಪುರ, ಬೆಳಗಾವಿ ಕ್ಯಾಂಪ್ ಕಡಿ ಕ್ರೈಸ್ತರ ಮನ್ಯಾಗ ಬೆಳೆದವ್ರಿಗೆ ಗೊತ್ತೈತಿ, ಕ್ರಿಸ್‌ಮಸ್ ಕೆಲಸ ನವೆಂಬರ್ ಕಡೀ ವಾರಕ್ಕ ಶುರು ಆಗತಿತ್ತು. ಅದರಾಗ ಅರ್ಧ ಕೆಲಸ ಹುಡುಗರದು. ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಗಿಯ ಬೊಂಬಿ ಪ್ರದರ್ಶನ) ಗೋಧಿ ಸಸಿ ಹಾಕೂದು, ನಕ್ಷತ್ರಕ್ಕ ಕಾಗದ ಹಚ್ಚೂದು, ಹಣಗಿ ಮ್ಯಾಲೆ ಕುಲ್ಕುಲ್ (ಎಣ್ಣ್ಯಾಗ ಕರದ ಸಣ್ಣ ಸುರುಳಿ ಸಿಹಿ ತಿಂಡಿ) ಒತ್ತೂದು. ಈಗ ವಿಜಯಪುರದಾಗ ಮನಿ. ಮಕ್ಕಳ ಕೈಲೇ ಇದನ್ನೆಲ್ಲಾ ಮಾಡಿಸಬೇಕು ಅಂತ ಆಸೆ ಐತಿ.

ಹಿರಿಯರು ಅಂದಾಜಿನ ಮ್ಯಾಲೆ ಮಾಡತಿದ್ರು, ಅಳತಿ ಯಾರೂ ಬರದಿಟ್ಟಿಲ್ಲ. ಸಸಿ ಹಳದಿ ಆಗೂದು ಯಾಕ? ಕುಲ್ಕುಲ್ ಮರುದಿನ ಮೆತ್ತಗ ಆಗೂದು ಯಾಕ? ನಕ್ಷತ್ರದ ಕಡ್ಡಿ ಎಲ್ಲಿ ಕಟ್ಟಬೇಕು? ಯಾವ ಕೆಲಸ ಯಾವ ತಾರೀಖಿಗೆ? ಗೊತ್ತಿದ್ದವ್ರು ಅಳತಿ ಸಮೇತ ಹೇಳ್ರಿ.

ಎರಿಹೊಲ
ಸಸಿ ಹಳದಿ ಆಗೂದು ಬೆಳಕು ಸಾಲದಕ್ಕರಿ ಅಕ್ಕಾರ. ಮೂಲ್ಯಾಗ ಕತ್ತಲದಾಗ ಇಟ್ಟು 24ನೇ ತಾರೀಖು ಹೊರಗ ತಗದ್ರ ಹಳದಿನಽ ಬರತಾವ.

ಕ್ರಮ ಹಿಂಗ. ತಿನ್ನೂ ಗೋಧಿ 250 ಗ್ರಾಂ ರಾತ್ರಿ ನೆನಿ ಇಡ್ರಿ, ಹತ್ತು ತಾಸು ಸಾಕು. ನೀರು ಬಸದು ಒದ್ದಿ ಅರಿವ್ಯಾಗ ಕಟ್ಟಿ ಒಂದು ದಿನ ಇಟ್ರ ಮೂತಿ ಒಡೀತಾವ. ಒಂದು ಮೊಳದಷ್ಟು ಉದ್ದನ ತಟ್ಟಿ ತಗೊಂಡು ತಳಕ್ಕ ತೂತು ಹಾಕ್ರಿ, ಒಂದೂವರಿ ಇಂಚು ಮಣ್ಣು ಹರವಿ, ಕಾಳು ಒತ್ತೊತ್ತಾಗಿ, ಆದ್ರ ಒಂದರ ಮ್ಯಾಲೊಂದು ಬೀಳದಂಗ ಉದುರಿಸ್ರಿ. ಮ್ಯಾಲೆ ತೆಳ್ಳಗ ಮಣ್ಣು ಮುಚ್ಚಿ ಎರಡು ದಿನ ಒದ್ದಿ ಗೋಣಿಪಾಟ ಹಾಕಿಡ್ರಿ. ಮೊಳಕಿ ಮಣ್ಣಿನ ಮ್ಯಾಲೆ ಬಂದ ಕೂಡಲೇ ಗೋಣಿಪಾಟ ತಗದು ಕಿಡಕಿ ಕಡಿ ಇಡಬೇಕು. ಇಲ್ಲೇ ಎಲ್ಲಾರೂ ಒಂದಿನ ತಡ ಮಾಡತಾರ, ಸಸಿ ಉದ್ದಕ ಬೆಳ್ಳಗ ಏರಿ ಅಡ್ಡ ಬೀಳತಾವ.

ವಿಜಯಪುರದಾಗ ಹಗಲು ಬಿಸಲು ಇರೂದ್ರಿಂದ ಎಂಟು ದಿನಕ್ಕ ನಾಕು ಇಂಚು ಬರತಾವ. ಬೆಳಗಾವ್ಯಾಗ ರಾತ್ರಿ ಥಂಡಿ ಜಾಸ್ತಿ, ಹನ್ನೊಂದು ಹನ್ನೆರಡು ದಿನ ಬೇಕು. ಅಂದ್ರ ನೀವು 14ಕ್ಕ ನೆನಿ ಹಾಕ್ರಿ, ಬೆಳಗಾವಿಯವ್ರು 11ಕ್ಕ.

ಅಡಗಿಮನಿ
ಗೋಧಿಕ್ಕಿಂತ ರಾಗಿ ಚೆಂದ ಕಾಣತೈತಿ. ಸಣ್ಣ ಹುಲ್ಲು, ಖರೇನ ಹುಲ್ಲುಗಾವಲ ಇದ್ದಂಗ.

ಎರಿಹೊಲ
ಚೆಂದ ಖರೆ, ಆದ್ರ ರಾಗಿಗೆ ನೀರು ಹಾಕೂದು ನಾಜೂಕು. ಚೊಂಬಿಲೆ ಹಾಕಿದ್ರ ಕಾಳು ಒಂದ ಮೂಲಿಗೆ ಹರಿದು ಹೋಗತಾವ, ನಡುವ ಬೋಳು. ಸ್ಪ್ರೇ ಬಾಟಲಿ ಇಲ್ಲಾಂದ್ರ ಕೈಲೇ ಚಿಮುಕಿಸಬೇಕು. ಎರಡು ತಟ್ಟಿ ಮಾಡ್ರಿ, ಮುಂದ ರಾಗಿ, ಹಿಂದ ಗೋಧಿ.

ಇನ್ನೊಂದು. ವಿಜಯಪುರದ ಎರಿ ಮಣ್ಣು ಒಂದ ಹಾಕಬ್ಯಾಡ್ರಿ. ನೀರು ಹಿಡಕೊಂಡು ಬೇರು ಕೊಳಿಸತೈತಿ, ಒಣಗಿದ್ರ ಬಿರುಕು ಬಿಟ್ಟು ಸಸಿ ಕಿತ್ತು ಬರತಾವ. ಮಸಾರಿ ಮಣ್ಣು ಎರಡು ಪಾಲು, ಉಸುಕು ಒಂದು ಪಾಲು, ಹಳೇ ಗೊಬ್ಬರ ಅರ್ಧ ಪಾಲು. ಮತ್ತ ಬೀಜದ ಅಂಗಡಿಯ ಬಣ್ಣ ಹಚ್ಚಿದ ಬೀಜ ತರಲೇಬ್ಯಾಡ್ರಿ, ಅದಕ್ಕ ಔಷಧ ಹಚ್ಚಿರತಾರ, ಮಕ್ಕಳು ಕೈಯಾಗ ಹಿಡೀತಾವ.

ತಿಳಕವಾಡಿ ಮಾಸ್ತರ
ನಕ್ಷತ್ರದ ಲೆಕ್ಕ ನಾನು ಹೇಳುತ್ತೇನೆ, ಇದು ಶುದ್ಧ ರೇಖಾಗಣಿತ.

ಐದು ಮೂಲೆಯ ನಕ್ಷತ್ರಕ್ಕೆ ಒಂದು ಬದಿಗೆ ಸಮ ಅಳತೆಯ 5 ಕಡ್ಡಿ. ಎರಡು ಬದಿಗೆ 10. ಕಡ್ಡಿ 30 ಇಂಚು ಅಂತ ಇಟ್ಟುಕೊಳ್ಳಿ. ಎರಡೂ ತುದಿಯಿಂದ 11.5 ಇಂಚಿಗೆ ಒಂದೊಂದು ಗುರುತು ಹಾಕಿ. ನಡುವೆ 7 ಇಂಚು ಉಳಿಯುತ್ತದೆ. ಕಡ್ಡಿಗಳು ಒಂದನ್ನೊಂದು ದಾಟುವುದು ಆ ಗುರುತುಗಳ ಮೇಲೆಯೇ. ಬೇರೆ ಅಳತೆಗೆ ಕಡ್ಡಿಯ ಉದ್ದವನ್ನು 0.382ರಿಂದ ಗುಣಿಸಿದರೆ ಗುರುತಿನ ಜಾಗ ಸಿಗುತ್ತದೆ. ತುದಿಗಳನ್ನು ಮೊದಲು ಕಟ್ಟಿ, ಗುರುತುಗಳನ್ನು ಕೂಡಿಸಿ, ಆಮೇಲೆ ದಾಟುವ ಜಾಗ ಕಟ್ಟಬೇಕು. ಗುರುತು ಹಾಕದೆ ಕಣ್ಣಳತೆಯಲ್ಲಿ ಕಟ್ಟಿದರೆ ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದ ಆಗುವುದು ಖಂಡಿತ.

ಎರಡು ನಕ್ಷತ್ರ ಸಿದ್ಧವಾದ ಮೇಲೆ ಒಂದರ ಮೇಲೊಂದು ಇಟ್ಟು ಐದೂ ತುದಿ ಜೋಡಿಸಿ ಕಟ್ಟಿ. ಒಳಗಿನ ಐದು ಮೂಲೆಗಳಲ್ಲಿ 6 ಇಂಚಿನ ಗೂಟ ಸಿಕ್ಕಿಸಿದರೆ ಹೊಟ್ಟೆ ಉಬ್ಬುತ್ತದೆ. ಒಟ್ಟು 15 ತುಂಡು ಬಿದಿರು. ಕಾಗದ ಹಚ್ಚಬೇಕಾದ ಮುಖಗಳು 22: ಮುಂದೆ ಹಿಂದೆ ಸೇರಿ 10 ತ್ರಿಕೋನ, 2 ಪಂಚಕೋನ, ಬದಿಗಳಲ್ಲಿ 10 ತ್ರಿಕೋನ. ಹಿಂದಿನ ಪಂಚಕೋನವನ್ನು ಪೂರಾ ಅಂಟಿಸಬೇಡಿ, ಬಲ್ಬ್ ಹಾಕಲು ಬಾಗಿಲು ಬೇಕು.

ಬಿದಿರ ಕೆಲಸ
ಮಾಸ್ತರ ಲೆಕ್ಕ ಬರಾಬರಿ ಐತಿ, ಬಿದಿರಿನ ಮಾತು ನಾ ಹೇಳತೇನಿ. ಹಸಿ ಬಿದಿರು ತರಬ್ಯಾಡ್ರಿ, ಒಣಗಿದಂಗ ಸೊರಗತೈತಿ, ಗಂಟು ಸಡ್ಲ ಆಗತಾವ. ಮೇದಾರರ ಕಡೆ ಒಣಗಿದ ಸೀಳು ಸಿಗತಾವ, ಕಾಲು ಇಂಚು ಅಗಲ ಸಾಕು. ದಪ್ಪ ಇದ್ರ ಗೂಟ ಸಿಗಸೂವಾಗ ಬಾಗಂಗಿಲ್ಲ, ಮುರೀತೈತಿ. ಗಿಣ್ಣು ಇದ್ದ ಜಾಗ ದಾಟೂ ಗುರುತಿಗೆ ಬರದಂಗ ನೋಡಿ ಕತ್ತರಿಸ್ರಿ. ಕಡ್ಡಿ ಅಂಚು ಚಾಕುವಿಲೆ ಹೆರೀರಿ, ಇಲ್ಲಾಂದ್ರ ಹುಡುಗರ ಕೈಗೆ ಸಿಬರು ಹೊಕ್ಕೋತೈತಿ, ಕಾಗದನೂ ಹರೀತೈತಿ. ಕಟ್ಟಾಕ ಹತ್ತಿ ದಾರ, ನೈಲಾನ್ ಜಾರತೈತಿ.

ಅಡಗಿಮನಿ
ಅಂಟಿಗೆ ಮೈದಾ ಎರಡು ಚಮಚ, ನೀರು ಒಂದು ಕಪ್. ತಣ್ಣೀರಾಗ ಕಲಿಸಿ ಆಮ್ಯಾಲೆ ಸಣ್ಣ ಉರಿಗೆ ಇಡ್ರಿ, ಬಿಸಿ ನೀರಿಗೆ ಮೈದಾ ಹಾಕಿದ್ರ ಗಂಟು. ಜಿರಲಿ ತಿನ್ನಬಾರದಂತ ಒಂದು ಚೂರು ಮೈಲುತುತ್ತ ಹಾಕತಾರ.

ಕ್ಯಾಂಪ್ ಭಟ್ಟಿ
ಮೈಲುತುತ್ತ ಬ್ಯಾಡರಿ ಅಕ್ಕಾರ. ಅದು ವಿಷ. ಹುಡುಗರು ಬೆರಳಿಲೆ ಅಂಟು ಹಚ್ಚೋವು, ಅದ ಬೆರಳು ಬಾಯಾಗ ಹೋಗೋವು. ನಕ್ಷತ್ರ ಇರೂದು ಒಂದು ತಿಂಗಳು, ಅಷ್ಟಕ್ಕ ಜಿರಲಿ ಏನ್ ತಿಂದೀತು?

ಅಡಗಿಮನಿ
ಹಿಂದಿಂದ ಎಲ್ಲಾರ ಮನ್ಯಾಗೂ ಹಾಕತಿದ್ರು, ಯಾರಿಗೂ ಏನೂ ಆಗಿಲ್ಲ.

ವೈರಮನ್ ಜಮಖಂಡಿ
ಕ್ಯಾಂಪ್ ಭಟ್ಟಿಯವರ ಮಾತಽ ಖರೆ. ದೊಡ್ಡವ್ರು ಹಚ್ಚೂದಾದ್ರ ಬ್ಯಾರೆ, ಇಲ್ಲಿ ಮಕ್ಕಳು ಹಚ್ಚೋರು. ಅಂಟು ಆ ದಿನಕ್ಕ ಬೇಕಾದಷ್ಟ ಮಾಡ್ರಿ, ಉಳದ್ರ ಚೆಲ್ರಿ.

ಬಲ್ಬಿನ ಮಾತು. ಹಳೇ ಕಾಲದ 60 ವ್ಯಾಟ್ ಬಲ್ಬ್ ಒಳಗ ಇಟ್ರ ಕಾಗದ ಮೊದಲು ಕಂದು ಆಗತೈತಿ, ಆಮ್ಯಾಲೆ ಹತ್ತತೈತಿ. 5 ವ್ಯಾಟ್ ಎಲ್‌ಇಡಿ ಸಾಕು. ಹೋಲ್ಡರ್ ವೈರಿಗೆ ಜೋತು ಬಿಡಬ್ಯಾಡ್ರಿ, ಗಾಳಿಗೆ ಓಲಾಡಿ ಕಾಗದಕ್ಕ ಬಡೀತೈತಿ. ಎದುರಾಬದುರಾ ಎರಡು ಗೂಟಕ್ಕ ಅಡ್ಡ ಒಂದು ಕಡ್ಡಿ ಕಟ್ಟಿ, ಹೋಲ್ಡರ್ ಅದಕ್ಕ ಬಿಗೀರಿ. ಹೊರಗ ಟೇಪ್ ಸುತ್ತಿದ ಜೋಡು ಇರಬಾರದು, ಅಖಂಡ ವೈರ್ ಒಳಗಿನ ಪ್ಲಗ್ ತನಕಾ ಬರಬೇಕು.

ಬಿದಿರ ಕೆಲಸ
ಕಾಗದ ಅಂದ್ರ ಪತಂಗದ ಕಾಗದ ತಗೋರಿ. ಅರ್ಧ ಇಂಚು ಹೆಚ್ಚಿಗಿ ಬಿಟ್ಟು ಕತ್ತರಿಸಿ ಕಡ್ಡಿಗೆ ಸುತ್ತಿ ಅಂಟಸ್ರಿ. ಸ್ವಲ್ಪ ಸುಕ್ಕು ಉಳದ್ರ ಚಿಂತಿ ಇಲ್ಲ. ಅಂಟು ಪೂರಾ ಒಣಗಿದ ಮ್ಯಾಲೆ ಬಾಯಾಗ ನೀರು ತುಂಬಿ ಉಗುಳಿದಂಗ ಸಣ್ಣ ತುಂತುರು ಹೊಡೀರಿ. ಒದ್ದಿ ಆದಾಗ ಕಾಗದ ಜೋಲು ಬಿದ್ದು ಕೆಟ್ಟೇ ಹೋತು ಅನಸತೈತಿ, ಮುಟ್ಟಬ್ಯಾಡ್ರಿ. ಒಣಗತಾ ಒಣಗತಾ ಸುಕ್ಕು ಒಂದೊಂದ ಮಾಯ ಆಗಿ ಬಿಗಿ ಆಗತೈತಿ, ಬೆರಳಿಲೆ ಚಿಟಕಿ ಹೊಡದ್ರ ಟಪ್ ಅಂತ ಸಪ್ಪಳ ಬರತೈತಿ. ಬಣ್ಣ ಬಿಡೂ ಕಾಗದ ಇದ್ರ ಮೊದಲು ಒಂದು ತುಂಡಿನ ಮ್ಯಾಲೆ ನೋಡ್ರಿ.

ಬೆಳಗಾವ್ಯಾಗ ಇಬ್ಬನಿಗೆ ರಾತ್ರಿ ಜೋಲು ಬೀಳತೈತಿ, ಅದಕ್ಕ ಸಜ್ಜಾದ ಕೆಳಗ ತೂಗು ಹಾಕಬೇಕು. ನಿಮ್ಮ ಕಡಿ ಇಬ್ಬನಿ ಕಡಿಮಿ, ಗಾಳಿ ಜಾಸ್ತಿ. ಮ್ಯಾಲಿನ ತುದಿಗೆ ಒಂದು ದಾರ, ಕೆಳಗಿನ ಎರಡು ಕಾಲಿಗೆ ಎರಡು ದಾರ ಕಟ್ಟಿ ಎಳದು ಬಿಗೀರಿ.

ಘಟಪ್ರಭಾ
ಎಲ್ಲಾ ಅಂಗಡ್ಯಾಗ ಪ್ಲಾಸ್ಟಿಕ್ ನಕ್ಷತ್ರ ಸಿಗತಾವಲ್ರಿ, ಮಡಚಿ ಇಟ್ರ ಮುಂದಿನ ವರ್ಷಕ್ಕೂ ಬರತಾವ. ಇಷ್ಟು ಯಾಕ?

ತಿಳಕವಾಡಿ ಮಾಸ್ತರ
ಅವರು ಕೇಳಿದ್ದು ಮಕ್ಕಳ ಕೈಯಿಂದ ಮಾಡಿಸುವುದು ಹೇಗೆ ಅಂತ. ಅಂಗಡಿಯಲ್ಲಿ ಏನು ಸಿಗುತ್ತದೆ ಅಂತ ಅಲ್ಲ.

ಗುಳೇದಗುಡ್ಡದಾಂವ
ಬಾಗಲಕೋಟಿ ಕಡಿ ಪ್ರಾಟೆಸ್ಟಂಟ್ ಮನ್ಯಾಗ ಪದ್ಧತಿ ಬ್ಯಾರೆರಿ. ಗುಳೇದಗುಡ್ಡಕ್ಕ ಬಾಸೆಲ್ ಮಿಷನ್‌ನವ್ರು ಬಂದದ್ದು 1851ರಾಗ, ಅವ್ರ ಜೋಡಿ ಗಿಡ ಸಿಂಗಾರ ಮಾಡೂ ಜರ್ಮನ್ ಪದ್ಧತಿ ಬಂತು. ಗೋದಲಿಗಿಂತ ಗಿಡನಽ ಮುಖ್ಯ. ಸರ್ವಿ ಗಿಡದ ಟೊಂಗಿ ತಂದು ಬಕೀಟಿನಾಗ ಒದ್ದಿ ಉಸುಕು ತುಂಬಿ ನಡತಾರ. 23ಕ್ಕಿಂತ ಮೊದಲು ಕಡದ್ರ 25ಕ್ಕ ಎಲಿ ಉದುರತಾವ. ಬೆಳಗಾವಿ, ಖಾನಾಪುರ ಕಡಿ ಗೋವಾದ ರೂಢಿ ಜಾಸ್ತಿ, ಹಂಗಾಗಿ ಅಲ್ಲಿ ಗೋದಲಿ, ನೇವ್ರಿ (ಕರ್ಚಿಕಾಯಿ), ದೋದೋಲ್ (ತೆಂಗಿನಹಾಲು, ಬೆಲ್ಲದ ಹಲ್ವಾ).

ಅಡ್ವೆಂಟ್ (ಕ್ರಿಸ್‌ಮಸ್‌ಗಿಂತ ಮೊದಲಿನ ನಾಕು ಭಾನುವಾರದ ಕಾಲ) ಮೇಣದಬತ್ತಿ ಚಕ್ರನೂ ಜರ್ಮನಿಯದಽ. ಹ್ಯಾಂಬರ್ಗ್‌ನ ಯೋಹಾನ್ ವಿಖರ್ನ್ ಅನ್ನೂ ಪಾದ್ರಿ 1839ರಾಗ ತನ್ನ ಶಾಲಿಯ ಬಡ ಮಕ್ಕಳಿಗೆ ಕ್ರಿಸ್‌ಮಸ್‌ಗೆ ಎಷ್ಟು ದಿನ ಉಳದಾವು ಎಣಸಾಕ ಅಂತ ಗಾಡಿ ಗಾಲಿಗೆ ಮೇಣದಬತ್ತಿ ಇಟ್ಟಿದ್ದ. ಈಗ ಭಾನುವಾರಕ್ಕೊಂದರಂಗ ನಾಕು ಬತ್ತಿ. ಮಕ್ಕಳಿದ್ದ ಮನಿಗೆ ಇದು ಭಾಳ ಚೊಲೊ, ಪ್ರತಿ ಭಾನುವಾರ ಒಂದು ಕೂಸು ಬತ್ತಿ ಹಚ್ಚಬೇಕು, ಬೈಬಲ್‌ನ ಲೂಕನ ಎರಡನೇ ಅಧ್ಯಾಯದ ನಾಕು ಸಾಲು ಓದಬೇಕು.

ಖಾನಾಪುರದಾಕಿ
ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಗೋದಲಿ ಗುಡ್ಡ ಹೆಂಗ ಮಾಡೂದು? ವಿಜಯಪುರದಾಗ ಭತ್ತದ ಹುಲ್ಲು ಸಿಗೂದಿಲ್ಲ.

ಎರಿಹೊಲ
ಭತ್ತದ ಹುಲ್ಲು ಯಾಕ ಬೇಕು, ಜೋಳದ ಕಣಕಿ ಐತೆಲ್ಲಾ. ದಂಟು ಒಂದು ಗೇಣಿನಷ್ಟು ಕತ್ತರಿಸಿ ಸಾಲಾಗಿ ಕಟ್ಟಿದ್ರ ಗೋಡಿ, ಎಲಿ ಹೊದಿಸಿದ್ರ ಛಪ್ಪರ. ಮೊದಲು ಎರಡು ದಿನ ಬಿಸಲಿಗೆ ಹಾಕಿ ಜಾಡಸ್ರಿ, ಹುಳ ಇರತಾವ. ಗುಡ್ಡಕ್ಕ ಇಟ್ಟಂಗಿ, ಖಾಲಿ ಡಬ್ಬಿ ಜೋಡಿಸಿ, ಹಳೇ ಗೋಣಿಚೀಲ ಮಣ್ಣಿನ ರಾಡಿಯಾಗ ಅದ್ದಿ ಹಿಂಡಿ ಮ್ಯಾಲೆ ಹೊದಿಸ್ರಿ. ಇಲ್ಲಿ ಎರಿ ಮಣ್ಣು ನಡೀತೈತಿ, ಒಣಗಿದ್ರ ಬಿರುಕು ಬಿಟ್ಟು ಖರೇ ಬಂಡಿಗಲ್ಲಿನಂಗ ಕಾಣತೈತಿ. ಒಣಗಾಕ ಮೂರು ದಿನ, ಹಂಗಾಗಿ 18ಕ್ಕ ಶುರು ಮಾಡ್ರಿ.

ವೈರಮನ್ ಜಮಖಂಡಿ
ಕಬ್ಬಿನ ರವದಿ ಮಾತ್ರ ಹೊದಿಸಬ್ಯಾಡ್ರಿ, ಒಂದು ಕಿಡಿ ಬಿದ್ರ ಸಾಕು. ಗೋದಲಿ ಒಳಗ ಮೇಣದಬತ್ತಿ ಇಡೂದೇ ಬ್ಯಾಡ.

ಅಡಗಿಮನಿ
ಗೋದಲ್ಯಾಗ ಬಾಲಯೇಸುವಿನ ಬೊಂಬಿ, ಅವನ್ನ ನೋಡಾಕ ಬಂದ ಮೂರು ರಾಜರ ಬೊಂಬಿ ಒಟ್ಟಿಗೆ ಇಡತಾರ ಭಾಳ ಮಂದಿ. ಅದು ತಪ್ಪು. ಬಾಲಯೇಸು 24ರ ನಡುರಾತ್ರಿ ಪೂಜೆ ಮುಗದ ಮ್ಯಾಲೆ, ಮನ್ಯಾಗಿನ ಎಲ್ಲಾಕಿಂತ ಸಣ್ಣ ಕೂಸಿನ ಕೈಲೆ. ರಾಜರು ಜನವರಿ 6ಕ್ಕ.

ಗುಳೇದಗುಡ್ಡದಾಂವ
ಮತ್ತಾಯನ ಎರಡನೇ ಅಧ್ಯಾಯದಾಗ ಮೂರು ಅಂತ ಸಂಖ್ಯೆನಽ ಇಲ್ಲ, ರಾಜರು ಅಂತನೂ ಇಲ್ಲ. ಜ್ಯೋತಿಷಿಗಳು ಅಂತ ಐತಿ, ಕಾಣಿಕಿ ಮೂರು. ಬಂದದ್ದೂ ಮನಿಗೆ, ಗೋದಲಿಗಲ್ಲ. ಎತ್ತು ಕತ್ತಿನೂ ಸುವಾರ್ತೆಯಾಗ ಇಲ್ಲ.

ತಿಳಕವಾಡಿ ಮಾಸ್ತರ
ಎತ್ತು, ಕತ್ತೆ ಯೆಶಾಯನ ಮೊದಲ ಅಧ್ಯಾಯದ ಮೂರನೇ ವಚನದಿಂದ ಬಂದವು. ಅಸ್ಸೀಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೋ ಊರಲ್ಲಿ ಗೋದಲಿ ಕಟ್ಟಿದಾಗ ಜೀವಂತ ಎತ್ತು, ಕತ್ತೆಗಳನ್ನೇ ನಿಲ್ಲಿಸಿದ್ದರು. ಎಂಟು ನೂರು ವರ್ಷದ ರೂಢಿ, ತೆಗೆಯಬೇಕಾಗಿಲ್ಲ. ರಾಜರ ಬೊಂಬೆಗಳನ್ನು ಮಕ್ಕಳಿಂದ ದಿನಾ ಸ್ವಲ್ಪ ಸ್ವಲ್ಪ ಮುಂದೆ ಸರಿಸಬಹುದು. 25ಕ್ಕೆ ಕಿಟಕಿಯ ಕಟ್ಟೆ, ಜನವರಿ 6ಕ್ಕೆ ಗೋದಲಿ. ಮಕ್ಕಳು ಈ ಆಟವನ್ನು ಒಂದು ದಿನವೂ ಮರೆಯುವುದಿಲ್ಲ.

ಘಟಪ್ರಭಾ
ಇದು ಚೊಲೊ ಅನಸ್ತು. ನಮ್ಮ ಓಣ್ಯಾಗಿನ ಮನಿಗೂ ಹೇಳತೇನಿ.

ಅಡಗಿಮನಿ
ಈಗ ಕುಲ್ಕುಲ್. ಮೈದಾ ಅರ್ಧ ಕೆಜಿ, ತತ್ತಿ ಒಂದು, ತುಪ್ಪ 40 ಗ್ರಾಂ, ಪುಡಿ ಸಕ್ಕರಿ ಎರಡು ಚಮಚ, ಉಪ್ಪು ಚಿಟಕಿ, ದಪ್ಪ ತೆಂಗಿನಹಾಲು 150 ಮಿ.ಲೀ. ಹಾಲು ಒಮ್ಮೆಲೇ ಸುರೀಬ್ಯಾಡ್ರಿ. ಪೂರಿ ಹಿಟ್ಟಿಗಿಂತ ಒಂಚೂರು ಮೆತ್ತಗ ಬಂದ್ರ ನಿಲ್ಲಿಸ್ರಿ. ಒದ್ದಿ ಅರಿವಿ ಮುಚ್ಚಿ ಮುಕ್ಕಾಲು ತಾಸು ಇಡ್ರಿ.

ಹೊಸಾ ಹಣಗಿ ತಂದು ಬಿಸಿನೀರಾಗ ತೊಳದು ಎಣ್ಣಿ ಸವರ್ರಿ. ಗುಲಗಂಜಿಗಿಂತ ದೊಡ್ಡದು, ಕಡಲಿಗಿಂತ ಸ್ವಲ್ಪ ದಪ್ಪ ಉಂಡಿ. ಹಣಗಿ ಹಲ್ಲಿನ ಮ್ಯಾಲೆ ಇಟ್ಟು ಹೆಬ್ಬಟ್ಟಿಲೆ ಒತ್ತಿ ಹಾಳಿಯಷ್ಟು ತೆಳ್ಳಗ ಮಾಡಿ, ತುದಿಯಿಂದ ಸುರುಳಿ ಸುತ್ತಿ, ಕಡೀಕ ಅಂಚು ಒತ್ತಿ ಮುಚ್ಚಬೇಕು. ಗೆರಿ ಹೊರಗ ಬರಬೇಕು. ಅಂಚು ಮುಚ್ಚದಿದ್ರ ಎಣ್ಣ್ಯಾಗ ಬಿಚ್ಚಿಕೊಂಡು ಎಣ್ಣಿ ಕುಡೀತೈತಿ.

ಮೆತ್ತಗ ಆಗೂದಕ್ಕ ಕಾರಣ ಒಂದಲ್ಲ. ಎಣ್ಣಿ ಭಾಳ ಕಾದಿದ್ರ ಹೊರಗ ಕೆಂಪು, ಒಳಗ ಹಸಿ. ಒಳಗಿನ ಪಸೆ ಮರುದಿನ ಹೊರಗ ಬಂದು ಎಲ್ಲಾ ಮೆತ್ತಗ. ಚೂರು ಹಿಟ್ಟು ಹಾಕಿದ್ರ ತಳಕ್ಕ ಹೋಗಿ ನಾಕೈದು ಎಣಸೂದ್ರಾಗ ಮ್ಯಾಲೆ ಬರಬೇಕು, ಹಾಕಿದ ಕೂಡಲೇ ಚಿಮ್ಮಿ ಬಂದ್ರ ಉರಿ ಕಡಿಮಿ ಮಾಡ್ರಿ. ಬಾಣಲಿ ತುಂಬಿಸಿಬಿಟ್ರೂ ಅಷ್ಟ, ಎಣ್ಣಿ ತಣ್ಣಗಾಗಿ ಹಿಟ್ಟು ಎಣ್ಣಿ ಹೀರತೈತಿ. ಇನ್ನ ಬಿಸಿ ಇದ್ದಾಗ ಡಬ್ಬಿಗೆ ಹಾಕಿದ್ರ ಮುಚ್ಚಳದ ಒಳಗ ನೀರು ಹನೀತೈತಿ. ಪೂರಾ ಮೂರು ತಾಸು ಹರವಿ ಇಡ್ರಿ.

ಸಕ್ಕರಿ ಪಾಕ ಬೇಕಾದ್ರ 200 ಗ್ರಾಂ ಸಕ್ಕರಿಗೆ 60 ಮಿ.ಲೀ. ನೀರು, ಎರಡೆಳಿ ಪಾಕ. ಒಂದೆಳಿಗೆ ಹಾಕಿದ್ರ ಅಂಟ ಅಂಟ. ಉರಿ ಬಂದ್ ಮಾಡಿ ಕುಲ್ಕುಲ್ ಸುರದು ಸಕ್ಕರಿ ಬಿಳಿ ಆಗೂ ತನಕಾ ಕೈಯಾಡಸ್ರಿ.

ಗುಳೇದಗುಡ್ಡದಾಂವ
ಕರ್ಚಿಕಾಯಿಗೆ ಹಸಿ ಕೊಬ್ಬರಿನೋ ಒಣ ಕೊಬ್ಬರಿನೋ?

ಅಡಗಿಮನಿ
ನೇವ್ರಿಗೆ ಗೋವಾ ಕಡಿ ಹಸಿದನ್ನೂ ಹಾಕತಾರ, ನಾಕು ದಿನಕ್ಕ ವಾಸನಿ ಬರತೈತಿ. ಹಂಚೂದಕ್ಕ ಒಣ ಕೊಬ್ಬರಿ, ಹುರದ ಚಿರೋಟಿ ರವಾ, ಎಳ್ಳು, ಕಸಕಸಿ, ಯಾಲಕ್ಕಿ. ಹದಿನೈದು ದಿನ ಆರಾಮ ಇರತೈತಿ. ಹೂರಣ ಪೂರಾ ಆರಿದ ಮ್ಯಾಲೆ ಸಕ್ಕರಿ ಕಲಸ್ರಿ, ಬಿಸಿಗೆ ಕಲಿಸಿದ್ರ ನೀರು ಬಿಟ್ಟು ಹೊಟ್ಟಿ ಒಡೀತೈತಿ. ಒಂದಕ್ಕ ಒಂದೂವರಿ ಚಮಚ, ಅಂಚಿಗೆ ಹಾಲು ಸವರಿ, ಗಾಳಿ ಹೊರಗ ಹೋಗೂವಂಗ ಒತ್ತಿ ಕತ್ತರಸ್ರಿ.

ಕ್ಯಾಂಪ್ ಭಟ್ಟಿ
ಕೇಕಿನ ಮಾತು ಯಾರೂ ತಗೀಲಿಲ್ಲ! ಹಿಂದಕ ಕ್ಯಾಂಪ್‌ನಾಗ ಮನ್ಯಾಗ ಹಿಟ್ಟು ಕಲಿಸಿ, ಟಿನ್‌ನಾಗ ಹಾಕಿ, ಹೆಸರಿನ ಚೀಟಿ ಹಚ್ಚಿ ಬೇಕರಿಗೆ ಕೊಡೂ ರೂಢಿ ಇತ್ತು. ಬ್ರೆಡ್ ತಗದ ಮ್ಯಾಲೆ ಭಟ್ಟ್ಯಾಗ ಉಳದ ಮಂದ ಶಾಖ ಹಣ್ಣಿನ ಕೇಕಿಗೆ ಹೇಳಿ ಮಾಡಿಸಿದಂಗ. ಮನಿ ಓವನ್ ಆದ್ರ 150 ಡಿಗ್ರಿ, ಒಂದು ಕೆಜಿ ಕೇಕಿಗೆ ಒಂದೂವರಿಯಿಂದ ಎರಡು ತಾಸು. ಮ್ಯಾಲೆ ಬೇಗ ಕೆಂಪಾದ್ರ ಬಟರ್ ಪೇಪರ್ ಮುಚ್ರಿ. ಮೊದಲಿನ ಒಂದು ತಾಸು ಬಾಗಿಲು ತಗೀಬ್ಯಾಡ್ರಿ, ನಡುವ ಕುಸೀತೈತಿ.

ಕರಿ ಬಣ್ಣಕ್ಕ ಸಕ್ಕರಿ ಸುಡಬೇಕು. 200 ಗ್ರಾಂ ಸಕ್ಕರಿ ದಪ್ಪ ತಳದ ಪಾತ್ರ್ಯಾಗ ಕರಗಿಸಿ, ಕಡು ಕಂದು ಆಗಿ ಹೊಗಿ ಏಳಾಕ ಶುರು ಆದ ಕೂಡಲೇ ಉರಿ ಬಂದ್, 120 ಮಿ.ಲೀ. ಕುದಿಯೂ ನೀರು ಸ್ವಲ್ಪ ಸ್ವಲ್ಪ. ತಣ್ಣೀರು ಹಾಕಿದ್ರ ಮುಖಕ್ಕ ಸಿಡೀತೈತಿ. ಈ ಒಂದು ಕೆಲಸಕ್ಕ ಹುಡುಗರನ್ನ ದೂರ ಇಡ್ರಿ.

ತಿಕೋಟಾ ದ್ರಾಕ್ಷಿ
ವಿಜಯಪುರದಾಗ ಇದ್ದು ಬ್ಯಾರೆ ಕಡಿ ಒಣದ್ರಾಕ್ಷಿ ತರಬ್ಯಾಡ್ರಿ ಅಕ್ಕಾರ, ಇಲ್ಲಿದಽ ಚೊಲೊ. ಆದ್ರ ತೊಳೀದ ಹಾಕಬ್ಯಾಡ್ರಿ. ಒಣಗಿಸೂ ಮೊದಲು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತ ಡಿಪ್ಪಿಂಗ್ ಎಣ್ಣಿ ಕಲಿಸಿದ ನೀರಾಗ ಅದ್ದತಾರ, ಹಳದಿ ಬಣ್ಣ ಉಳೀಲಿ ಅಂತ ಗಂಧಕದ ಹೊಗಿ ಕೊಡತಾರ. ಉಗುರು ಬೆಚ್ಚಗಿನ ನೀರಾಗ ಎರಡು ಸಲ ತೊಳದು, ಅರಿವಿ ಮ್ಯಾಲೆ ಒಂದು ರಾತ್ರಿ ಆರಿಸಿ ಆಮ್ಯಾಲೆ ನೆನಿ ಹಾಕ್ರಿ. ಕೇಕಿಗೆ ಕಂದು ದ್ರಾಕ್ಷಿ ಚೊಲೊ, ಹಳದಿಗಿಂತ ಸಿಹಿ ಗಾಢ.

ಕ್ಯಾಂಪ್ ಭಟ್ಟಿ
ಬರೋಬರಿ. ಒದ್ದಿ ಹಣ್ಣು ತಳಕ್ಕ ಕೂಡತೈತಿ. ರಮ್‌ನಾಗ ಒಂದು ತಿಂಗಳು ಇಡಬಹುದು, ಒಂದು ಕೆಜಿ ಹಣ್ಣಿಗೆ 350 ಮಿ.ಲೀ.

ಗುಳೇದಗುಡ್ಡದಾಂವ
ನಮ್ಮ ಕಡಿ ರಮ್ ಮುಟ್ಟಂಗಿಲ್ಲ. ಕಿತ್ತಳಿ ರಸ ಸಾಕು.

ಕ್ಯಾಂಪ್ ಭಟ್ಟಿ
ಸಾಕು, ಆದ್ರ ರಸದಾಗ ತಿಂಗಳಗಟ್ಟಲೆ ಇಟ್ರ ಹುಳಿ ಬಂದು ಬುರುಗು ಏಳತೈತಿ. ರಸದ ಜೋಡಿ ಐದು ನಿಮಿಷ ಕುದಿಸಿ, ಆರಿಸಿ, ಫ್ರಿಜ್‌ನಾಗ ಮೂರು ದಿನ. ಅಷ್ಟಕ್ಕ ಹಣ್ಣು ಉಬ್ಬತಾವ. ಹಿಟ್ಟಿಗೆ ಹಾಕೂ ಮೊದಲು ಸೋಸಿ ಎರಡು ಚಮಚ ಮೈದಾ ಹೊರಳಸ್ರಿ.

ತಿಕೋಟಾ ದ್ರಾಕ್ಷಿ
ಕೇಕಿಗೆ ಹಾಕೂ ಸಕ್ಕರಿ ಪಾಕದ ಸಿಪ್ಪಿಗೆ ಇಂಡಿ ಲಿಂಬಿ ನಡೀತೈತೇನ್ರಿ?

ಕ್ಯಾಂಪ್ ಭಟ್ಟಿ
ಸಿಪ್ಪಿ ತೆಳ್ಳಗ, ಪಾಕಕ್ಕ ಬರಂಗಿಲ್ಲ. ಮ್ಯಾಲಿನ ಹಸರು ಭಾಗ ತುರದು ಹಾಕ್ರಿ, ವಾಸನಿ ಭಾರಿ. ಪಾಕಕ್ಕ ಕಿತ್ತಳಿ ಸಿಪ್ಪಿ, ಮೂರು ಸಲ ನೀರು ಬದಲಿಸಿ ಕುದಿಸಿದ್ರ ಕಹಿ ಹೋಗತೈತಿ.

ಘಟಪ್ರಭಾ
ನಮ್ಮಂಥವ್ರು ತತ್ತಿ ತಿನ್ನಂಗಿಲ್ಲ. ಬಾಜು ಮನಿಯವ್ರು ತಾಟು ಕಳಸಿದ್ರ ಯಾವುದು ತಿನ್ನಬೇಕು ತಿಳಿಯಂಗಿಲ್ಲ, ಕೇಳಾಕ ಸಂಕೋಚ.

ಅಡಗಿಮನಿ
ಅದಕ್ಕ ಸರಳ ಕ್ರಮ ಐತಿ. ತತ್ತಿ ಇಲ್ಲದ್ದನ್ನ ಮೊದಲು, ಹೊಸ ಎಣ್ಣ್ಯಾಗ ಕರೀಬೇಕು: ಕರ್ಚಿಕಾಯಿ, ಶಂಕರಪಾಳಿ, ಚಕ್ಕಲಿ. ಕುಲ್ಕುಲ್ ಹಿಟ್ಟಿಗೆ ತತ್ತಿ ಬದಲು ಇನ್ನೊಂದು 50 ಮಿ.ಲೀ. ತೆಂಗಿನಹಾಲು, ಹತ್ತು ಗ್ರಾಂ ತುಪ್ಪ ಜಾಸ್ತಿ. ತತ್ತಿ ಹಾಕಿದ್ದು ಕಡೀಕ. ಲಿಂಗಾಯತ, ಜೈನ ಮನಿಗೆ ಹೋಗೂ ತಾಟು ಬ್ಯಾರೆ ತುಂಬಿ, ಕೊಡೂವಾಗ "ಇದರಾಗ ತತ್ತಿ ಇಲ್ಲರಿ" ಅಂತ ಬಾಯಿಬಿಟ್ಟು ಹೇಳ್ರಿ. ಹುಡುಗರ ಕೈಲೆ ಕಳಸ್ತಿದ್ರ ಆ ಮಾತು ಅವ್ರಿಗೆ ಕಲಿಸಿ ಕಳಸ್ರಿ.

ಘಟಪ್ರಭಾ
ಇದನ್ನ ಎಲ್ಲಾರೂ ಮಾಡಿದ್ರ ಎಷ್ಟು ಚೊಲೊ.

ಖಾನಾಪುರದಾಕಿ
ಹಂಗಾದ್ರ ಹಣ್ಣು ನವೆಂಬರ್ ಕಡೀಕ, ನಕ್ಷತ್ರ ಮೊದಲ ಅಡ್ವೆಂಟ್ ಭಾನುವಾರಕ್ಕ, ಗೋಧಿ 14, ಗುಡ್ಡ 18, ಕರಿಯೂದು 19ರಿಂದ 22. ದೋದೋಲ್ ಬಿಡತೇನಿ, ತಾಳೆಬೆಲ್ಲ ಇಲ್ಲಿ ಸಿಗವಲ್ದು. ಜನವರಿ 6ರ ಮ್ಯಾಲೆ ಸಸಿ, ಬೊಂಬಿ ಏನು ಮಾಡೂದು?

ಎರಿಹೊಲ
ಸಸಿ ಆಕಳಿಗೆ ಹಾಕ್ರಿ. ಮಣ್ಣು ಕುಂಡಕ್ಕ.

ಬಿದಿರ ಕೆಲಸ
ಮಣ್ಣಿನ ಬೊಂಬಿ ಒಂದೊಂದಕ್ಕ ಅರಿವಿ ಸುತ್ತಿ, ಡಬ್ಬ್ಯಾಗ ಕಟಗಿ ಹೊಟ್ಟು ತುಂಬಿ ನಿಲ್ಲಿಸಿ ಇಡ್ರಿ. ನ್ಯೂಸ್‌ಪೇಪರ್ ಸುತ್ತಿದ್ರ ಮಳಿಗಾಲದಾಗ ಶಾಯಿ ಬಣ್ಣಕ್ಕ ಹತ್ತತೈತಿ. ನಕ್ಷತ್ರದ ಕಾಗದ ಹರದು ತಗದು ಬಿದಿರಿನ ಚೌಕಟ್ಟು ಅಟ್ಟದ ಮ್ಯಾಲೆ ತೂಗು ಹಾಕ್ರಿ, ಮೂರ್ನಾಕು ವರ್ಷ ಬರತೈತಿ.

ಖಾನಾಪುರದಾಕಿ
ಮನಿ ಸಣ್ಣದು, 18 ಇಂಚಿನ ನಕ್ಷತ್ರ ಮಾಡಬೇಕಂದ್ರ?

ತಿಳಕವಾಡಿ ಮಾಸ್ತರ
ಗುರುತು ಎರಡೂ ತುದಿಯಿಂದ 6.9 ಇಂಚಿಗೆ, ಗೂಟ 4 ಇಂಚು. ಬಲ್ಬಿನ ಬದಲು ಎಲ್‌ಇಡಿ ಸರ ಹಾಕಿ, ಒಳಗೆ ಜಾಗ ಸಾಲುವುದಿಲ್ಲ.